ಮೌಳಂಗಿಯಲ್ಲಿ ತಣ್ಣಗಾಗದ ಗಾಡಿ

ಮೊನ್ನೆ ಬೆಳಿಗ್ಗೆ ಹಳಿಯಾಳದ ಪೇಟೆಯಲ್ಲಿ ಅಕ್ಕಿ ಅಂಗಡಿಯವನು ಬಾಗಿಲ ಮುಂದೆ ಧೂಳು ಏಳದಿರಲೆಂದು ಗೋಣಿತಟ್ಟೊಂದನ್ನು ನೀರಲ್ಲಿ ಅದ್ದಿ ಹಾಸಿದ್ದ. ಸೆಣಬು, ಮಣ್ಣು, ನೀರು ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. “ಏನ ಬೇಕಾಗಿತ್ರಿ ಅಕ್ಕೋರ?” ಎಂದು ಅವನು ಎರಡು ಸಲ ಕೇಳಿದ. ಎರಡನೆಯ ಸಲಕ್ಕೆ ನಾನು ಗದರಿಬಿಟ್ಟೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಆ ವಾಸನೆ ಬಂದರೆ ನನಗೆ ಯಾರ ಮೇಲಾದರೂ ಸಿಟ್ಟು ಬರಲೇಬೇಕು. ಎಲ್ಲರ ಮೇಲೂ ಹಲ್ಲು ಕಡಿಯುತ್ತ ಕಳೆದ ಬೇಸಿಗೆಯೊಂದು ಅದರೊಳಗಿದೆ.

ಮೊದಲು ನನ್ನ ಚರ್ಮದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ತಾವೇ ಏನೇನೋ ಊಹಿಸಿಕೊಳ್ಳುತ್ತಾರೆ. ನಾನು ಜೋಯಿಡಾ ತಾಲೂಕಿನಲ್ಲಿ, ಕುಂಬಾರವಾಡಕ್ಕಿಂತಲೂ ಆಚೆ, ಕಾಡೊಳಗಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದೆ. ಬಾಡಿಗೆ ಕೋಣೆಯಲ್ಲಿ ಒಂದು ಬೆಳಿಗ್ಗೆ ಚಹಾ ಕುದಿಸುವಾಗ ನೈಲಾನ್ ನೈಟಿಯ ತೋಳಿಗೆ ಒಲೆಯ ಉರಿ ತಾಗಿತು. ಅಷ್ಟೇ ನಡೆದದ್ದು. ಮದುವೆಯಾಗದ ಹೆಂಗಸಿಗೆ ಬೆಂಕಿ ತಾಗಿತು ಅಂದರೆ ಜನ ಅಷ್ಟಕ್ಕೇ ಬಿಡುವುದಿಲ್ಲ, ಅವರಿಗೆ ಹಿಂದೊಂದು ಕಥೆ ಬೇಕು. ಕಥೆ ಇಲ್ಲ, ನೈಟಿ ಇತ್ತು. ಬೆನ್ನು, ಎದೆ, ಎರಡೂ ತೋಳು ಸುಟ್ಟವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಚರ್ಮ ಕಸಿ ಮಾಡಿದರು. ಹೊಸ ಚರ್ಮ ಬಂತು, ಆದರೆ ಅದಕ್ಕೆ ಬೆವರುವುದು ಗೊತ್ತಿಲ್ಲ. ಬೆವರದ ಮೈ ಬಿಸಿಲಿಗೆ ಕಾಯುತ್ತಲೇ ಹೋಗುತ್ತದೆ. ಸ್ವಲ್ಪ ಹೊತ್ತಿಗೇ ತಲೆ ತಿರುಗಿ, ನಾಲಿಗೆ ತೊದಲಿ, ಬಿದ್ದುಬಿಡುತ್ತೇನೆ. ಡಾಕ್ಟರು ಹೇಳಿದ್ದು ಎರಡೇ ಮಾತು. ತಂಪು ಕೋಣೆಯಲ್ಲಿರಬೇಕು. ಹೊರಗೆ ಹೋಗಲೇಬೇಕಾದರೆ ಒದ್ದೆ ಅರಿವೆ ಹೊದ್ದು, ಅದು ಒಣಗದಂತೆ ನೋಡಿಕೊಳ್ಳಬೇಕು.

ಎರಡನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ಕಾರಣ ನನ್ನ ವೈನಿ, ಅಣ್ಣನ ಹೆಂಡತಿ ಕಸ್ತೂರಿ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನು ಕಣ್ಣು ಮುಚ್ಚಿ ಮಲಗಿದ್ದಾಗ, ನಿದ್ದೆ ಬಂದಿದೆ ಅಂದುಕೊಂಡು ಅವಳು ಅಣ್ಣನಿಗೆ, “ಇನ್ನ ಇಕಿನ್ನ ಯಾರ ನೋಡ್ಕೋಬೇಕು?” ಅಂದಳು. ಅಣ್ಣ ಉತ್ತರ ಕೊಡಲಿಲ್ಲ. ನಾನು ಕಣ್ಣು ತೆರೆಯಲಿಲ್ಲ. ಹಳಿಯಾಳದ ಮನೆಗೆ ಬಂದ ವಾರಕ್ಕೆ, ನಾನು ಅಂಗಳಕ್ಕೆ ಹೋಗುತ್ತೇನೆ ಅಂದಾಗ, ಅದೇ ವೈನಿ ತನ್ನ ಹಳೆಯ ನೂಲಿನ ಸೀರೆಯೊಂದನ್ನು ತೊಯ್ಸಿ ಹಿಂಡಿ ತಂದಳು. ನಾನು ಅದನ್ನು ಅವಳ ಮುಖಕ್ಕೇ ಎಸೆದೆ. “ನಾನೇನ ನೀರಿನ ಕೊಡಾ ಏನು, ಹಸಿ ಅರಿವಿ ಸುತ್ತಾಕ?” ಅಂದೆ. ಅವಳು ಸೀರೆ ಎತ್ತಿಕೊಂಡು ಹೋದಳು. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು.

ನಾಲ್ಕು ವರ್ಷ. ಒಂದೇ ಮನೆ, ಎಣ್ಣೆ ಸೀಗೆಕಾಯಿಯ ಸಂಬಂಧ. ಏಸಿ ಇದ್ದದ್ದು ನನ್ನ ಕೋಣೆಯಲ್ಲಿ ಮಾತ್ರ, ಅಣ್ಣ ವೈನಿ ಸೆಕೆಯಲ್ಲಿ ಬೇಯುತ್ತಿದ್ದರು. ದಿನಾ ಬೆಳಿಗ್ಗೆ ನನ್ನ ಬೆನ್ನಿನ ಕಲೆಗೆ ಕೊಬ್ಬರಿ ಎಣ್ಣೆ ತಿಕ್ಕಬೇಕು, ಇಲ್ಲದಿದ್ದರೆ ಚರ್ಮ ಬಿರುಕು ಬಿಡುತ್ತದೆ. ಅದನ್ನು ತಿಕ್ಕುತ್ತಿದ್ದವಳು ವೈನಿಯೇ. ನಾನು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ, ಅವಳು ತುಟಿ ಪಿಟಕ್ಕೆನ್ನದೆ ತಿಕ್ಕಿ ಎದ್ದು ಹೋಗುತ್ತಿದ್ದಳು. ಏನಾದರೂ ಹೇಳಬೇಕಿದ್ದರೆ ಅವಳು ಬೆಕ್ಕಿಗೆ ಹೇಳುತ್ತಿದ್ದಳು, ನಾನು ಗೋಡೆಗೆ ಹೇಳುತ್ತಿದ್ದೆ.

ಆ ಬೇಸಿಗೆಗೆ, ನಾನು ಒಂದನೇ ಇಯತ್ತೆಯಲ್ಲಿ ಅ ಆ ತಿದ್ದಿಸಿದ ಹನ್ನೊಂದು ಮಕ್ಕಳು ಐದನೆಯದನ್ನು ಮುಗಿಸುತ್ತಿದ್ದರು. ಆ ಊರಿನ ಶಾಲೆ ಐದಕ್ಕೇ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ರಿಸಲ್ಟ್ ಓದಿದ ಮೇಲೆ ಒಬ್ಬರು ಜೋಯಿಡಾ, ಒಬ್ಬರು ದಾಂಡೇಲಿ, ಒಬ್ಬರು ಗೋವಾ ಕಡೆಯ ನೆಂಟರ ಮನೆ ಅಂತ ಚದುರಿಹೋಗುವವರು. ಕೊಂಕಣಿ ಬಿಟ್ಟು ಬೇರೆ ಮಾತು ಗೊತ್ತಿಲ್ಲದೆ ಬಂದ ಮಕ್ಕಳು. ನಾನು ಅವರನ್ನು ನಡುವೆ ಬಿಟ್ಟು ಹೋದವಳು. ರಿಸಲ್ಟ್ ದಿನ ಒಮ್ಮೆ ಹೋಗಿ ಹನ್ನೊಂದು ಮುಖ ನೋಡಬೇಕು ಅಂತ ನನಗೆ ಹುಚ್ಚು ಹಿಡಿದಿತ್ತು. ಆ ದಿನ ತಪ್ಪಿದರೆ ಅವರೆಲ್ಲ ಮತ್ತೆ ಒಂದೆಡೆ ಸಿಗುವವರಲ್ಲ.

ಅಣ್ಣ ಈರಣ್ಣನದು ಹಳಿಯಾಳದಲ್ಲಿ ಬಸ್ಸು ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜು. ಅವನು ಹಳೆಯದೊಂದು ಮಿನಿ ಬಸ್ಸು ಹಿಡಿದು, ಒಳಗೆ ಮಂಚ, ಒಲೆ, ಸಂಡಾಸ ಕೂರಿಸಿ, ನೆತ್ತಿಯ ಮೇಲೆ ಏಸಿ ಬಿಗಿದು, ಹಿಂದೆ ಜನರೇಟರ್ ಇಟ್ಟು ಕ್ಯಾರವಾನ್ ಮಾಡಿದ. ಆದರೆ ಒಂದು ಕರಾರು ಹಾಕಿದ. “ಮೊದಲ ಮೌಳಂಗಿಯೊಳಗ ಐದ ದಿನಾ ನಿಲ್ಲಸೂಣು. ಏಸಿ ಐದೂ ದಿನಾ ನಡೀತಂದ್ರ ಮುಂದ ಹೋಗೂಣು. ಇಲ್ಲಂದ್ರ ವಾಪಸ್. ಆಮ್ಯಾಲೆ ಗಲಾಟಿ ಮಾಡಬಾರದು.” ನಾನು ಆಗಲಿ ಅಂದೆ.

ದಾಂಡೇಲಿ ಹತ್ತಿರದ ಮೌಳಂಗಿಯಲ್ಲಿ ಹೊಳೆಯ ದಂಡೆಗೆ ಅಣ್ಣನ ಪರಿಚಯದವರ ಜಾಗವಿತ್ತು. ಅಣ್ಣ, ವೈನಿ, ನಾನು ಮೂವರೂ ಅಲ್ಲಿಗೆ ಹೋಗಿ, ಅವರ ಮನೆಯಿಂದ ಕರೆಂಟಿನ ವೈರು ಎಳೆದು ಗಾಡಿ ನಿಲ್ಲಿಸಿದೆವು. ಪಕ್ಕದ ಇಕೋ ಪಾರ್ಕಿಗೆ ಬಂದ ಜನ ನಮ್ಮನ್ನೂ ನೋಡಿಕೊಂಡು ಹೋಗತೊಡಗಿದರು. ಸಿನಿಮಾದವರ ಗಾಡಿ ಅಂತ ಸುದ್ದಿ ಹಬ್ಬಿತ್ತು. “ಒಳಗ ಯಾವ ಹೀರೋಯಿನ್ ಅದಾಳ್ರಿ?” ಅಂತ ಒಬ್ಬ ಮೊಬೈಲು ಹಿಡಿದು ಕಿಟಕಿಗೇ ಬಂದ. ನಾನು ಪರದೆ ಸರಿಸಿ ನನ್ನ ತೋಳು ತೋರಿಸಿದೆ. ಆಮೇಲೆ ಆ ಕಡೆ ಯಾರೂ ಸುಳಿಯಲಿಲ್ಲ. ನಿಜ ಹೇಳುತ್ತೇನೆ, ಆ ಇಡೀ ವಾರದಲ್ಲಿ ನನಗೆ ಸಂತೋಷವಾದದ್ದು ಅದೊಂದೇ ಸಲ.

ಸಂಜೆ ಬಂದ ನಮಗೆ ಮೊದಲ ದಿನ ಏನೂ ತೊಂದರೆಯಾಗಲಿಲ್ಲ. ಎರಡನೆಯ ದಿನ ಅಣ್ಣ ಹೊಳೆಗೆ ಜಳಕಕ್ಕೆ ಹೋದಾಗ ನೆತ್ತಿಯ ಮೇಲೆ ದಬದಬ ಸದ್ದಾಯಿತು. ಮಂಗಗಳು ಅಂದುಕೊಂಡೆ, ಅಲ್ಲಿ ಅವುಗಳಿಗೇನು ಕೊರತೆ. ಹನ್ನೊಂದರ ಸುಮಾರಿಗೆ ಏಸಿಯ ಗಾಳಿ ಬೆಚ್ಚಗಾಯಿತು. ಫ್ಯಾನು ತಿರುಗುತ್ತಿದೆ, ಗಾಳಿ ಬರುತ್ತಿದೆ, ತಂಪು ಮಾತ್ರ ಇಲ್ಲ. ತಗಡಿನ ಗಾಡಿ, ಏಪ್ರಿಲ್ ಬಿಸಿಲು. ಅರ್ಧ ತಾಸಿಗೆ ನನ್ನ ಕಿವಿಯೊಳಗೆ ಗುಂಯ್ ಅನ್ನತೊಡಗಿತು. ಅಣ್ಣ ಓಡಿಬಂದು ಬಾಗಿಲು ಕಿಟಕಿ ತೆರೆದ. ವೈನಿ ಒಂದು ಬಕೆಟ್ ನೀರು ತಂದು ಬಾಗಿಲಲ್ಲಿಟ್ಟು, “ಕಾಲ ಇಳಿಬಿಟ್ಟ ಕುಂದರಲಿ” ಅಂತ ಬಕೆಟ್ಟಿಗೇ ಹೇಳಿ ಹೋದಳು.

ಅಣ್ಣ ದಾಂಡೇಲಿಯಿಂದ ದಾವಲಸಾಬರನ್ನು ಕರೆತಂದ. ಫ್ರಿಜ್ಜು ಏಸಿ ರಿಪೇರಿಯಲ್ಲಿ ಆ ಊರಿಗೇ ಹೆಸರಾದವರು, ಬಿಳಿ ಗಡ್ಡದ ಮನುಷ್ಯ. ಅವರು ಬರುವ ಹೊತ್ತಿಗೆ ಎರಡು ಗಂಟೆ. ಸ್ವಿಚ್ ಹಾಕಿದರೆ ಏಸಿ ಹಿಮದಂಥ ಗಾಳಿ ಬಿಡುತ್ತಿದೆ! ಆದರೂ ಅವರು ಫಿಲ್ಟರ್ ಬಿಚ್ಚಿ ತೊಳೆದರು. “ಧೂಳ ಭಾಳ ಕುಂತಿತ್ರಿ ಅಕ್ಕೋರ. ಗಾಳಿ ಹಾಯ್ಲಿಲ್ಲಂದ್ರ ಇದ ತಂಪ ಹೆಂಗ ಕೊಡಬೇಕು? ಇನ್ನ ಕಾಳಜಿ ಬ್ಯಾಡ” ಅಂದರು.

ಮರುದಿನ ಬೆಳಿಗ್ಗೆ ಮತ್ತೆ ಮಂಗಗಳ ಕುಣಿತ, ಹನ್ನೊಂದಕ್ಕೆ ಮತ್ತೆ ಬಿಸಿ ಗಾಳಿ, ಅದರ ಜೊತೆಗೊಂದು ಹಸಿ ಹಸಿ ವಾಸನೆ. ಹೊಳೆಯದಿರಬೇಕು ಅಂದುಕೊಂಡೆ. ದಾವಲಸಾಬರು ಎರಡು ಗಂಟೆಗೆ ಬಂದರು, ಏಸಿ ಅವರೆದುರು ಮತ್ತೆ ಚೆಂದಾಗಿ ನಡೆಯಿತು. ಅವರು ಮೀಟರ್ ಹಚ್ಚಿ ಕರೆಂಟು ನೋಡಿದರು. ವೈರು ಉದ್ದ ಇದ್ದರೆ ಕರೆಂಟು ಬಲ ಕಳೆದುಕೊಳ್ಳುತ್ತದಂತೆ, ಆಗ ಕಂಪ್ರೆಸರ್ ಏಳುವುದಿಲ್ಲವಂತೆ. ಇಲ್ಲಿ ಕರೆಂಟು ಸರಿಯಾಗಿಯೇ ಇತ್ತು. ತಂಪು ಹೆಚ್ಚು ಕಡಿಮೆ ಮಾಡುವ ಗುಂಡಿ ನೋಡಿದರು, ಒಳಗಿನ ಕೊಳವೆಗೆ ಬರ್ಫ ಕಟ್ಟಿದೆಯೇ ಅಂತ ಟಾರ್ಚ್ ಬಿಟ್ಟು ನೋಡಿದರು. ಏನೂ ಇಲ್ಲ. ನನ್ನ ಬಾಯಿ ತಡೆಯಲಿಲ್ಲ. “ನಿಮ್ಮ ಮುಂದ ನಡೀತೈತಿ, ನನ್ನ ಮುಂದ ಸಾಯ್ತೈತಿ. ನೀವ ಇಲ್ಲೇ ಇದ್ದಬಿಡ್ರಿ ಹಂಗಾರ, ನಾ ದಾಂಡೇಲಿಗೆ ಹೋಗಿ ನಿಮ್ಮ ಅಂಗಡಿಯೊಳಗ ಕುಂದರತೇನಿ” ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಗಡ್ಡ ಕೆರೆದುಕೊಂಡು, “ನಾಳೆ ಮತ್ತ ಬಂದ್ ಬಿತ್ತಂದ್ರ ಮ್ಯಾಲಿನ ಮುಚ್ಚಳಾ ಬಿಚ್ಚತೇನ್ರಿ” ಅಂದರು.

ಅಣ್ಣ ಮಾತ್ರ ಅಂದು ಸಂಜೆ ನನ್ನ ಮಂಚದ ಹತ್ತಿರ ಬಂದು ಕೂತ. “ಸರೋಜಾ, ನಾಳೆ ಒಂದ ದಿನಾ ನೋಡ್ತೇನಿ. ಮತ್ತ ಹಿಂಗ ಆತಂದ್ರ ಹಳಿಯಾಳಕ್ಕ ಹೋಗೂದ. ಕಾಡಿನ್ಯಾಗ ಬಂದ್ ಬಿದ್ರ ನಿನ್ನ ಎಲ್ಲಿ ಒಯ್ಯಲಿ ನಾ?” ನಾನು ಗೋಡೆ ಕಡೆ ತಿರುಗಿದೆ. ಹನ್ನೊಂದು ಮುಖಗಳಲ್ಲಿ ಎಷ್ಟು ನೆನಪಿವೆ ಅಂತ ಎಣಿಸಿದೆ. ಏಳು ಸಿಕ್ಕವು. ಉಳಿದವು ಸಿಗಲಿಲ್ಲ ಅಂತ ಅತ್ತೆ.

ನಾಲ್ಕನೆಯ ದಿನ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಹತ್ತೂವರೆಗೆ ಅಣ್ಣ ಹೊಳೆಯಲ್ಲಿದ್ದ. ನೆತ್ತಿಯ ಮೇಲೆ ಸದ್ದಾಯಿತು, ಆಮೇಲೆ ಹಿಂದಿನ ಏಣಿಯಿಂದ ಎರಡು ಕಾಲು ಇಳಿದವು. ಮಂಗನ ಕಾಲಲ್ಲ. ಕಾಲುಂಗುರ ಇದ್ದವು. ವೈನಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಅತ್ತಿತ್ತ ನೋಡಿ, ಪಾತ್ರೆ ತಿಕ್ಕುವವಳ ಹಾಗೆ ನಟಿಸುತ್ತ ಹೋದಳು. ಸ್ವಲ್ಪ ಹೊತ್ತಿಗೆ ಗಾಳಿ ಬೆಚ್ಚಗಾಯಿತು.

ನನಗೆ ಎಲ್ಲ ಬಿಡಿಸಿಟ್ಟ ಹಾಗೆ ಕಂಡಿತು. ಇವಳಿಗೆ ಈ ತಿರುಗಾಟ ಬೇಡ. ಮೇಲೆ ಹತ್ತಿ ಯಾವುದೋ ವೈರು ಕೀಳುತ್ತಾಳೆ, ಮೆಕ್ಯಾನಿಕ್ ಬರುವ ಮೊದಲು ಹೋಗಿ ಮತ್ತೆ ಸಿಕ್ಕಿಸುತ್ತಾಳೆ. ನಾನು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ತಲೆ ತಿರುಗುತ್ತಿದ್ದರೂ ಕೂತೇ ಕಾದೆ. ಅವಳನ್ನು ಎಲ್ಲರೆದುರು ಹಿಡಿಯಬೇಕಿತ್ತು ನನಗೆ. ಅಣ್ಣ ದಾವಲಸಾಬರನ್ನು ಕರೆದುಕೊಂಡು ಬಂದು ಇಳಿದದ್ದೇ ಶುರು ಮಾಡಿದೆ.

“ಮಷೀನ ಏನ ನೋಡ್ತೀರಿ? ನಿನ್ನ ಹೆಂಡ್ತಿನ ಕೇಳಣ್ಣ! ದಿನಾ ಮ್ಯಾಲೆ ಹತ್ತತಾಳ. ನಾ ಕಣ್ಣಾರೆ ನೋಡೇನಿ. ನಾ ಸತ್ತರ ಕೋಣಿ ಖಾಲಿ ಆಗ್ತೈತಿ, ಏಸಿ ಸಿಗ್ತೈತಿ ಅಕಿಗೆ!”

“ಸರೋಜಾ!” ಅಣ್ಣ ಗದರಿದ.

“ಆಸ್ಪತ್ರ್ಯಾಗ ಅಂದಿದ್ದು ನಾ ಕೇಳೇನಿ. ನಿದ್ದಿ ಬಂದಿರಲಿಲ್ಲ ನನಗ. ಇಕಿನ್ನ ಯಾರ ನೋಡ್ಕೋಬೇಕು ಅಂತ ಕೇಳಿದ್ದು ಯಾರು?”

ವೈನಿ ಅಣ್ಣನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹೊಳೆಯ ಕಡೆ ತಿರುಗಿ ನಿಂತಳು. ಒಂದು ಮಾತೂ ಆಡದೆ ಇದ್ದದ್ದು ನನ್ನ ಸಿಟ್ಟನ್ನು ಮತ್ತಷ್ಟು ಏರಿಸಿತು. ತಪ್ಪು ಮಾಡದವರು ಬಾಯಿ ಬಿಡುತ್ತಾರೆ ಅಂತ ನಾನು ತಿಳಿದಿದ್ದೆ, ಇಪ್ಪತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ಟೀಚರ್.

ದಾವಲಸಾಬರಿಗೆ ಮನೆಯ ಜಗಳದಲ್ಲಿ ನಿಲ್ಲುವುದು ಮುಜುಗರವಾಗಿರಬೇಕು. ಸುಮ್ಮನೆ ಏಣಿ ಹತ್ತಿ ಮುಚ್ಚಳ ಬಿಚ್ಚತೊಡಗಿದರು. ಬಹಳ ಹೊತ್ತು ತಿರುಪು ತಿರುಗಿಸುವ ಸದ್ದು. ಆಮೇಲೆ ಅವರು ಕೆಳಗಿಳಿದು ಬಂದು ಅಂಗೈ ಚಾಚಿದರು. ಅಂಗೈಯಲ್ಲಿ ಕೆಸರು ಮೆತ್ತಿದ ಕಂದು ಎಳೆಗಳ ಒಂದು ಉಂಡೆ.

“ಮಷೀನಿಗೆ ಏನೂ ಆಗಿಲ್ರಿ. ಯಾರೋ ಇದರ ಉಸಿರ ಕಟ್ಟಸಾಕತ್ತಾರ. ಒಳಗಿನ ಬಿಸಿ ಹೊರಗ ಒಗಿಯೂ ಜಾಳಗಿ ಐತಲ್ರಿ ಮ್ಯಾಲೆ, ಅದರ ತುಂಬ ಗೋಣಿ ಎಳಿ. ಈರಣ್ಣಾರ, ಇದರ ಮ್ಯಾಲೆ ಗೋಣಿತಟ್ಟ ಹೊಚ್ಚಿದ್ರೇನು?”

ಅಣ್ಣ ಇಲ್ಲ ಅಂತ ತಲೆಯಾಡಿಸಿದ. ಹೊಳೆಯ ಕಡೆ ಮುಖ ಮಾಡಿದ್ದ ವೈನಿ ಅಲ್ಲಿಂದಲೇ, “ನಾನ ಹಾಕಿದ್ದು” ಅಂದಳು.

“ಯಾಕವಾ?” ದಾವಲಸಾಬರು ಮೆಲ್ಲಗೆ ಕೇಳಿದರು.

“ನಮ್ಮ ತಗಡಿನ ಮಾಳಗಿಗೆ ಬ್ಯಾಸಿಗ್ಯಾಗ ಹಾಕೂದಿಲ್ಲೇನ್ರಿ? ನೀರಿನ ಕೊಡಕ್ಕ ಸುತ್ತೂದಿಲ್ಲೇನು? ತಂಪ ಇರ್ಲಿ ಅಂತ ಹೊಳಿಯೊಳಗ ತೊಯ್ಸಿ ಹಾಕಿದೆ. ಒಣಗಿತಂದ್ರ ಮತ್ತ ತೊಯ್ಸಾಕ ಮಧ್ಯಾಹ್ನ ಒಯ್ಯತಿದ್ದೆ.” ಅವಳು ಈಗ ನನ್ನ ಕಡೆ ತಿರುಗಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ನೇರವಾಗಿ ನನ್ನ ಮುಖಕ್ಕೆ ಮಾತಾಡಿದಳು. “ಮೈಮ್ಯಾಲೆ ಹಾಕಿದ್ರ ಮಾರಿಗೆ ಒಗೀತಿ. ಅದಕ್ಕ ಗಾಡಿ ಮ್ಯಾಲೆ ಹಾಕಿದೆ. ಗಾಡಿ ತಿರುಗಿ ಒಗಿಯೂದಿಲ್ಲಲ್ಲ!”

ಹೇಳಿ ಪಾತ್ರೆ ತಿಕ್ಕಲು ಹೋದಳು. ಈ ಸಲ ನಿಜವಾಗಿಯೂ ತಿಕ್ಕಿದಳು, ಪಾತ್ರೆಗಳ ಸದ್ದು ಆಚೆ ದಂಡೆಗೂ ಕೇಳಿರಬೇಕು. ದಾವಲಸಾಬರು ಬ್ರಶ್ಶು, ನೀರು ತಗೊಂಡು ಜಾಳಿಗೆ ತೊಳೆಯಲು ಮೇಲೆ ಹತ್ತಿದರು. ನಾನು ಕಾಲಿಟ್ಟುಕೊಂಡಿದ್ದ ಬಕೆಟ್ಟನ್ನು ನೋಡುತ್ತ ಕೂತೆ. ಹನ್ನೊಂದಕ್ಕೆ ಗೋಣಿತಟ್ಟು ಏಸಿಯ ಮೇಲಿರುತ್ತಿತ್ತು, ಮೆಕ್ಯಾನಿಕ್ ಬರುವ ಎರಡು ಗಂಟೆಗೆ ಹೊಳೆಯಲ್ಲಿರುತ್ತಿತ್ತು, ಅಷ್ಟೇ. ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ನಾಚಿಕೆಯಾಗಿತ್ತು, ಆದರೆ ಅವಳು ಸರಿ ಇದ್ದಾಳೆ ಎಂಬುದರ ಮೇಲೂ ನನಗೆ ಸಿಟ್ಟು ಬಂದಿತ್ತು. ಅಂಥ ಹಾಳು ಸ್ವಭಾವ ನನ್ನದು. ಮರುದಿನ ಬೆಳಿಗ್ಗೆ ಎಣ್ಣೆ ತಿಕ್ಕುವಾಗಲೂ ನಾವು ಮಾತಾಡಲಿಲ್ಲ. ಅವಳ ಕೈ ದಿನದಷ್ಟೇ ಹಗುರವಾಗಿತ್ತು. ಅದರಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ನಾಲ್ಕು ವರ್ಷದಿಂದ ಆ ಕೈಯಲ್ಲಿ ಅದು ಇರಲಿಲ್ಲ ಅನ್ನುವುದು ಆಗ ಹೊಳೆಯಿತು.

ಐದನೆಯ ದಿನ ಏಸಿ ಒಂದು ಕ್ಷಣವೂ ನಿಲ್ಲಲಿಲ್ಲ. ಕೆಟ್ಟದ್ದು ಮಷೀನಲ್ಲ, ಗೋಣಿತಟ್ಟಿನ ಕಾಟ ಅಂತ ಅಣ್ಣನೂ ತನ್ನ ಕರಾರು ಬಿಟ್ಟುಕೊಟ್ಟ. ಆರನೆಯ ದಿನ, ರಿಸಲ್ಟ್ ದಿನ, ನಸುಕಿಗೆ ಹೊರಟೆವು. ಜೋಯಿಡಾ ದಾಟಿ, ಕುಂಬಾರವಾಡ ದಾಟಿ, ಗಾಡಿ ತಿರುವುಗಳಲ್ಲಿ ಗುರುಗುಟ್ಟುತ್ತ ಸಾಗಿತು. ಜನರೇಟರ್ ಸದ್ದು, ತಣ್ಣನೆ ಗಾಳಿ, ಕಿಟಕಿಯಾಚೆ ಎಲೆ ಉದುರಿಸಿಕೊಂಡು ನಿಂತ ಸಾಗವಾನಿ. ಅಣ್ಣ ಖುಷಿಯಲ್ಲಿ ಸಿಳ್ಳೆ ಹಾಕುತ್ತಿದ್ದ. ನಾನು ಮಾತ್ರ ಪ್ರತಿ ತಿರುವಿಗೂ ಮುಂದಿನ ರಸ್ತೆಯನ್ನೇ ಇಣುಕಿ ನೋಡುತ್ತಿದ್ದೆ. ಯಾಕೆಂದರೆ ಒಂದು ಮಾತನ್ನು ನಾನು ಅಣ್ಣನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಗಾಡಿ ಕಟ್ಟುತ್ತಲೇ ಇರಲಿಲ್ಲ.

ರಸ್ತೆ ಒಂದು ಹಳ್ಳದ ಹತ್ತಿರ ಮುಗಿಯಿತು. ಹಳ್ಳ ದಾಟಲು ಮರದ ಕಾಲುಸಂಕ, ಆಚೆ ಗದ್ದೆಯ ಬದು, ಬದುವಿನ ತುದಿಗೆ ಶಾಲೆ. ಆರು ವರ್ಷ ನಾನು ದಿನಾ ನಡೆದ ದಾರಿ. ಗಂಟೆ ಹತ್ತೂವರೆ, ಗದ್ದೆಯಲ್ಲಿ ಒಂದು ಗಿಡದ ನೆರಳೂ ಇಲ್ಲ.

ಅಣ್ಣ ಇಂಜಿನ್ ನಿಲ್ಲಿಸಿ ನನ್ನ ಕಡೆ ತಿರುಗಿದ. “ಗಾಡಿ ಮುಂದ ಹೋಗೂದಿಲ್ಲ. ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಮಕ್ಕಳನ್ನ ಇಲ್ಲಿಗೆ ಕರಕೊಂಡ ಬರ್ತೇನಿ. ನೀ ಒಳಗ ಇರು.”

ಆ ಮಕ್ಕಳು ಬಂದು ಗಾಡಿಯ ಗಾಜಿನಾಚೆ ನಿಂತು ನನ್ನನ್ನು ನೋಡುವುದನ್ನು ನೆನೆಸಿಕೊಂಡೆ. ಇಕೋ ಪಾರ್ಕಿನ ಜನ ನೋಡಿದ ಹಾಗೆ. ನಾನು ಎದ್ದು ನಿಂತೆ. ವೈನಿ ಹಿಂದಿನ ಸೀಟಿನಲ್ಲಿ ಕೈಚೀಲ ಹಿಡಿದು ಕೂತಿದ್ದಳು. ಗೋಡೆಯನ್ನು ನೋಡುತ್ತ ಹೇಳಲು ಹೋದೆ, ಆಗಲಿಲ್ಲ. ಅವಳನ್ನೇ ನೋಡಿ ಹೇಳಿದೆ.

“ವೈನಿ, ಅರಿವಿ ತೊಯ್ಸಿ ಹಾಕ್ರಿ.”

ಅವಳು ಕೈಚೀಲದಿಂದ ಒಂದು ನೂಲಿನ ಸೀರೆ ತೆಗೆದಳು. ನಾನು ಅವತ್ತು ಎಸೆದದ್ದೇ ಹೌದೋ ಅಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಹಳ್ಳದಲ್ಲಿ ಅದ್ದಿ, ಹಿಂಡದೆ ಹಾಗೆಯೇ ತಂದು ನನ್ನ ತಲೆ, ಹೆಗಲು, ಬೆನ್ನಿಗೆ ಸುತ್ತಿದಳು. ಒಂದು ಕೊಡ ನೀರು ಸೊಂಟಕ್ಕೆ ಏರಿಸಿ, ಕೈಯಲ್ಲಿ ತಂಬಿಗೆ ಹಿಡಿದಳು. “ನಡಿ. ನಡುವ ನಿಂತ ಅಳಾಕ ಹತ್ತಬ್ಯಾಡ” ಅಂದಳು.

ನಡೆದೆವು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು, ಆದರೆ ಒದ್ದೆ ಸೀರೆಗೆ ತಾಗಿದ ಗಾಳಿ ಬೆನ್ನಿಗೆ ತಣ್ಣಗೆ ಹತ್ತಿತು. ನಾಲ್ಕು ವರ್ಷ ನನ್ನ ಚರ್ಮ ಮರೆತಿದ್ದ ತಂಪು ಅದು, ಹೊರಗಿನ ಗಾಳಿಯದು. ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅದನ್ನು ನೆನೆದು ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಅಳತೆಯಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ವೈನಿ ಹಿಂದಿನಿಂದ ಒಂದು ತಂಬಿಗೆ ನೀರು ಹೆಗಲಿಗೆ ಸುರಿಯುತ್ತಿದ್ದಳು. ಬದುವಿನ ಮೇಲೆ ಅವಳ ಏದುಸಿರು ನನಗೆ ಕೇಳಿಸುತ್ತಿತ್ತು.

“ಟೀಚರ್ ಆಯ್ಲಿ ರೇ!” ಟೀಚರ್ ಬಂದರು ಅಂತ ಶಾಲೆಯ ಕಟ್ಟೆಯಿಂದ ಯಾರೋ ಕೊಂಕಣಿಯಲ್ಲಿ ಕೂಗಿದರು. ಮಕ್ಕಳು ಓಡಿಬಂದು ಸ್ವಲ್ಪ ದೂರಕ್ಕೇ ನಿಂತರು. ನೀರು ಸೋರುವ ಸೀರೆ, ನನ್ನ ತೋಳು, ಕುತ್ತಿಗೆ ಎಲ್ಲವನ್ನೂ ನೋಡಿದರು. ನಾನೂ ನೋಡಿದೆ. ಹನ್ನೊಂದೂ ಇದ್ದವು. ಸುಶೀಲಾ ಎಂಬ ಹುಡುಗಿ, ಒಂದನೇ ಇಯತ್ತೆಯಲ್ಲಿ ದಿನಾ ನನ್ನ ಸೆರಗು ಹಿಡಿದು ತಿರುಗುತ್ತಿದ್ದವಳು, ಮೊದಲು ಹತ್ತಿರ ಬಂದು ಒದ್ದೆ ಸೆರಗಿನ ತುದಿ ಹಿಡಿದಳು. ಆಮೇಲೆ ಹಿಂದೆ ಕೊಡ ಹೊತ್ತು ನಿಂತವಳನ್ನು ತೋರಿಸಿ, ನಾನು ಕಲಿಸಿದ ಕನ್ನಡದಲ್ಲಿ, “ಟೀಚರ್, ಇವರು ಯಾರು?” ಅಂದಳು.

ನನಗೆ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಯಿತು. ಯಾರೂ ಉತ್ತರ ಕೊಡದೆ ಬಿಟ್ಟ ಪ್ರಶ್ನೆ.

“ಇವರಾ?” ಅಂದೆ. “ನನ್ನನ್ನು ನೋಡಿಕೊಳ್ಳುವವರು.”

ಹಿಂದೆ ತಂಬಿಗೆ ಕೊಡದೊಳಗೆ ಮುಳುಗಿದ ಸದ್ದಾಯಿತು. ಆಮೇಲೆ ಒಂದು ತಂಬಿಗೆ ತುಂಬ ತಣ್ಣೀರು ನನ್ನ ನೆತ್ತಿಯ ಮೇಲೆಯೇ ಬಿತ್ತು.

“ಮಾತ ಸಾಕ. ಒಣಗಾಕತ್ತೈತಿ” ಅಂದಳು ವೈನಿ.